ಮೂಳೆ ಹುಟ್ಟುವ ಮೊದಲಿನ ಕಲ್ಲು

ನನ್ನ ತಮ್ಮ ಯಲ್ಲಾಪುರದಲ್ಲಿ ವಿಜ್ಞಾನದ ಮಾಸ್ತರನಾಗಿದ್ದ. ಮದುವೆಯಾಗಲಿಲ್ಲ. ನಾನು ಸಿದ್ದಾಪುರದಲ್ಲಿ ಹೆಡ್‌ಮಾಸ್ತರನಾಗಿ ನಿವೃತ್ತನಾದವನು. ಬೆಳಗಿನ ಸ್ನಾನದಿಂದ ರಾತ್ರಿಯ ಊಟದವರೆಗೆ ಎಲ್ಲಕ್ಕೂ ಹೊತ್ತು ಗೊತ್ತು ಮಾಡಿಕೊಂಡು ಬದುಕಿದವನು. ಅವನು ಹಾಗಲ್ಲ.

ತೊಂಬತ್ತರ ದಶಕದಲ್ಲಿ ಮಕ್ಕಳೆಲ್ಲ ಟಿವಿಯಲ್ಲಿ ಡೈನೋಸಾರ್ ನೋಡಿದ್ದೇ ಅವನಿಗೆ ಹುಚ್ಚು ಹತ್ತಿತು.

“ಅಣ್ಣಯ್ಯ, ಮಾಗೋಡು ಜಲಪಾತದ ಹತ್ರ ಡೈನೋಸಾರ್ ಇತ್ತನ ಹೇಳಿ ಕೇಳ್ತ ಹುಡ್ರು. ಆನು ಎಂತ ಹೇಳವು?”

“ಇತ್ತಿಲ್ಲೆ ಹೇಳು. ಮುಗದೋತು.”

“ಒಂದು ಹಲ್ಲು ಸಿಕ್ಕಿದ್ರೆ ಸಾಕಿತ್ತು.”

“ಮೊದ್ಲು ನಿನ್ನ ಹಲ್ಲು ನೋಡ್ಕ್ಯ ಮಾರಾಯ, ಎರಡು ಅಲ್ಲಾಡ್ತಾ ಇದ್ದು.”

ಅವನು ನಗುತ್ತಿದ್ದ, ಭಾನುವಾರ ಬಂದರೆ ಬೇಡ್ತಿ ಹೊಳೆಯ ಗುಂಟ ಹೊರಡುತ್ತಿದ್ದ. ವರ್ಷಗಟ್ಟಲೆ ಹುಡುಕಿದ. ಬಾಡಿಗೆ ಮನೆಯ ಜಗಲಿಯ ಕಟ್ಟೆಯ ಮೇಲೆ ಕಲ್ಲುಗಳು ಸಾಲುಗಟ್ಟಿದವು. ಮೂಳೆ ಒಂದೂ ಇಲ್ಲ.

ಕೊನೆಗೆ ಧಾರವಾಡದಿಂದ ಭೂವಿಜ್ಞಾನದ ಪ್ರಾಧ್ಯಾಪಕರೊಬ್ಬರನ್ನು ಕರೆತಂದ. ಅವರು ಬಂದ ದಿನ ನಾನೂ ಅಲ್ಲಿದ್ದೆ.

“ಸರ, ಡೈನೋಸಾರ್ ಅಂದ್ರ ನಿನ್ನೆ ಮೊನ್ನೆ ಬಂದು ಹೋದ ಪ್ರಾಣಿ. ನಿಮ್ಮ ಈ ಕಲ್ಲು ಎಲುಬು ಅನ್ನೋದು ಹುಟ್ಟೂಕಿಂತ ಮೊದಲಿನವು. ಇಲ್ಲಿ ಎಷ್ಟು ಹುಡುಕಿದ್ರೂ ಸಿಗೂದಿಲ್ರಿ.”

ತಮ್ಮನ ಮುಖ ನೋಡಲಾಗಲಿಲ್ಲ. ಆಗ ಅವರೇ ಮುಷ್ಟಿಗಾತ್ರದ ಒಂದು ಕಪ್ಪು ಕಲ್ಲನ್ನು ಎತ್ತಿಕೊಂಡು, ನೀರು ಕೇಳಿ, ಅದರ ಮೇಲೆ ಸುರಿದರು. ಒಂದರ ಮೇಲೊಂದು ಬಾಗಿದ ಸಣ್ಣ ಗೆರೆಗಳು ಎದ್ದು ಕಂಡವು.

“ಇದನ್ನ ಮಾತ್ರ ಜ್ವಾಪಾನ ಇಡ್ರಿ. ಹಳೇ ಸಮುದ್ರದಾಗ ಕಣ್ಣಿಗೆ ಕಾಣದ ಜೀವ ಪದರ ಪದರಾಗಿ ಬೆಳದಿದ್ರ ಹಿಂಗ ಗೆರಿ ಬೀಳ್ತಾವ. ಬರೇ ಮಣ್ಣಿನ ಪದರನೂ ಇರಬಹುದು. ಕೊಯ್ದು ನೋಡಿದ್ರನ ಖಾತ್ರಿ. ಒಯ್ಯಲೇನು?”

ತಮ್ಮ ಕೊಡಲಿಲ್ಲ. ಶಾಲೆಯ ವಸ್ತುಪ್ರದರ್ಶನದಲ್ಲಿ ಮಕ್ಕಳಿಗೆ ತೋರಿಸಿ ತಾನೇ ತಂದುಕೊಡುತ್ತೇನೆಂದ. ಪ್ರದರ್ಶನಕ್ಕೆ ಮೊದಲೇ ಎದೆನೋವು ಬಂತು. ಶಿರಸಿಯ ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದ:

“ಆ ಕಲ್ಲು ಧಾರವಾಡಕ್ಕೆ ಮುಟ್ಟಸವು ಅಣ್ಣಯ್ಯ. ಅದ್ರಲ್ಲಿ ಜೀವ ಇತ್ತನ ಇಲ್ಯನ, ಗೊತ್ತಾಗವು.”

“ಮುಟ್ಟಸ್ತಿ” ಎಂದೆ. ಮರುದಿನ ಅವನು ಹೋದ.

ಯಲ್ಲಾಪುರದಲ್ಲೇ ದಹನ. ಮಡಕೆ, ದರ್ಭೆ, ಕಟ್ಟಿಗೆಯನ್ನೆಲ್ಲ ಪಕ್ಕದ ಮನೆಯವರು ಹೊಂದಿಸಿದರು. ಚಿತೆಯ ಸುತ್ತ ತಿರುಗುವಾಗ ಹೊತ್ತ ನೀರಿನ ಮಡಕೆಗೆ ಒಂದು ಕಲ್ಲಿನಿಂದ ತೂತು ಮಾಡುತ್ತಾರೆ. ಆಮೇಲೆ ಅದೇ ಕಲ್ಲಿನಲ್ಲಿ ಸತ್ತವನನ್ನು ಆವಾಹಿಸಿ, ದಿನವೂ ಎಳ್ಳುನೀರು ಬಿಟ್ಟು, ಹತ್ತನೇ ದಿನ ಹೊಳೆಗೆ ಹಾಕುವುದು ಕ್ರಮ. ಕರ್ತೃ ನಾನೇ. ಹೊಗೆ, ಗಡಿಬಿಡಿ, ಯಾವ ಕಲ್ಲೆಂದು ನೋಡಲಿಲ್ಲ.

ಮರುದಿನ ಎಳ್ಳುನೀರು ಬಿಟ್ಟಾಗ ಗೆರೆಗಳು ಎದ್ದವು.

ಪಕ್ಕದ ಮನೆಯವರನ್ನು ಕೇಳಿದೆ. “ಇಲ್ಲಿಪ್ಪದೆಲ್ಲ ಜಂಬಿಟ್ಟಿಗೆ ಕಲ್ಲು, ಮುಟ್ಟಿದ್ರೆ ಪುಡಿ. ಜಗಲಿ ಕಟ್ಟೆ ಮೇಲೆ ಇದೊಂದು ಗಟ್ಟಿ ಇತ್ತು, ಚೊಕ್ಕ ತೊಳದಿಟ್ಟಿತ್ತು. ಮಾಸ್ತರನೇ ತಂದಿದ್ದಲ್ದ ಹೇಳಿ ತಗಂಡೆ” ಎಂದರು. ತಪ್ಪೆನ್ನಲು ಏನಿತ್ತು?

ಕ್ರಿಯೆ ಮಾಡಿಸುತ್ತಿದ್ದ ಭಟ್ಟರನ್ನು ಕೇಳಿದೆ: “ಕಲ್ಲು ಬದಲ್ಸಲೆ ಬತ್ತಾ?”

“ನಿಂಗೆ ಗೊತ್ತಿಲ್ದೇ ಇಪ್ಪದನ? ಅವನ್ನ ಇದ್ರಲ್ಲಿ ಕರದು ಕೂರಿಸಿ ಆತು. ಈಗ ಎಬ್ಬಿಸಿ ಎಲ್ಲಿಗೆ ಕಳಸ್ತೆ?”

ತಮ್ಮ ಇಂಥದ್ದನ್ನೆಲ್ಲ ನಂಬುತ್ತಿರಲಿಲ್ಲ, ನಾನು ನಂಬುತ್ತಿದ್ದೆ. ದಿನವೂ ಅದೇ ಹೊತ್ತಿಗೆ ನೀರು ಬಿಟ್ಟೆ. ಪ್ರತಿಸಲವೂ ಗೆರೆಗಳು ಎದ್ದು, ಬಿಸಿಲಿಗೆ ಆರಿ ಮಾಯವಾಗುತ್ತಿದ್ದವು. ಹತ್ತನೇ ದಿನ ಬೇಡ್ತಿಯ ಮಡುವಿಗಿಳಿದು, ಬೆನ್ನು ತಿರುಗಿಸಿ ನಿಂತು, ಹಿಂದಕ್ಕೆ ಹಾಕಿದೆ. ಹಿಂತಿರುಗಿ ನೋಡಬಾರದು. ನೋಡಲಿಲ್ಲ.

ಸುದ್ದಿ ತಿಳಿದು ಪ್ರಾಧ್ಯಾಪಕರು ಬಂದರು. ಕಲ್ಲು ಕೇಳಿದರು. ನಡೆದದ್ದು ಹೇಳಿದೆ.

“ಹೋಗ್ಲಿ ಬಿಡ್ರಿ. ಅವರು ಅದನ್ನ ಎಲ್ಲಿಂದ ತಂದಿದ್ರು, ಅಷ್ಟ ಹೇಳ್ರಿ. ಆ ಬಂಡೆಗಲ್ಲು ಸಿಕ್ಕರೂ ಸಾಕು.”

ಅಷ್ಟು ವರ್ಷ ಅವನು ಹೊಳೆಗೆ ಹೋದ. ನಾನು ಒಂದು ಭಾನುವಾರವೂ ಜೊತೆಗೆ ಹೋಗಿರಲಿಲ್ಲ.

“ಗೊತ್ತಿಲ್ಲ” ಎಂದೆ.