ಶಿವಶಂಕರಪ್ಪನ ಸ್ಕೀಯಿಂಗ್

ರಾಣೆಬೆನ್ನೂರಿನ ಶಿವಶಂಕರಪ್ಪ ಹಿಮ ಎಂಬುದನ್ನು ಮೊದಲು ಕಂಡದ್ದು ಮೂವತ್ತು ದಾಟಿದ ಮೇಲೆ, ಅಮೆರಿಕದ ನ್ಯೂಜೆರ್ಸಿಯ ಸೀಕಾಕಸ್ಸಿನಲ್ಲಿ. ಆದರೆ ಅವನ ರೆಸ್ಯೂಮೆಯಲ್ಲಿ ಹವ್ಯಾಸ ಎಂಬಲ್ಲಿ ಸ್ಕೀಯಿಂಗ್ ಎಂದಿತ್ತು. ಬರೆದವರು ಅವನನ್ನು ಅಮೆರಿಕಕ್ಕೆ ತಂದ ಕನ್ಸಲ್ಟೆನ್ಸಿಯವರು. ಅವನ ಮೂರು ವರ್ಷದ ಅನುಭವವನ್ನು ಏಳು ಮಾಡಿದವರೂ ಅವರೇ. ಆ ಕಾಲದಲ್ಲಿ ಎಲ್ಲರ ರೆಸ್ಯೂಮೆಯೂ ಹೀಗೇ ಉಬ್ಬುತ್ತಿತ್ತು; ಯಾರೂ ಅದನ್ನು ಸುಳ್ಳು ಎನ್ನುತ್ತಿರಲಿಲ್ಲ.

ಮ್ಯಾನೇಜರ್ ಟೋನಿಗೆ ಸ್ಕೀಯಿಂಗ್ ಹುಚ್ಚು. ಸಂದರ್ಶನದಲ್ಲಿ ಆ ಒಂದು ಪದ ನೋಡಿಯೇ ಅರ್ಧ ಒಲಿದಿದ್ದ. ಎಲ್ಲಿ ಕಲಿತೆ ಎಂದು ಕೇಳಿದ್ದಕ್ಕೆ ಶಿವಶಂಕರಪ್ಪ, ಹಿಮಾಲಯದಲ್ಲಿ, ಅಂದಿದ್ದ. ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ಭಯಕ್ಕೇ ಇವರನ್ನೆಲ್ಲ ಕೆಲಸಕ್ಕೆ ಹಿಡಿದದ್ದು. ಇಸವಿ ಬಂದು, ಅವು ಕೆಡದೆ ಉಳಿದು, ಕೆಲಸವೇ ತೀರತೊಡಗಿತು. ಶಿವಶಂಕರಪ್ಪ, ಅವನ ರೂಮ್‌ಮೇಟ್ ಶ್ಯಾಮ್, ಇಬ್ಬರಲ್ಲಿ ಒಬ್ಬನನ್ನು ಮಾತ್ರ ಇಟ್ಟುಕೊಳ್ಳುತ್ತೇನೆ ಎಂದ ಟೋನಿ. ಕೆಲಸ ಹೋದರೆ ವೀಸಾವೂ ಹೋಗುತ್ತಿತ್ತು. ಆ ಫೆಬ್ರವರಿಯಲ್ಲೇ ಅವನು ತಂಡವನ್ನೆಲ್ಲ ಉತ್ತರ ಜೆರ್ಸಿಯ ಒಂದು ಸ್ಕೀ ರೆಸಾರ್ಟಿಗೆ ಕರೆದೊಯ್ದ.

ಅಲ್ಲಿ ಮಕ್ಕಳಿಗೊಂದು ಇಳಿಜಾರು, ಕಲಿಯುವವರಿಗೊಂದು, ಪಳಗಿದವರಿಗೆ ಬೆಟ್ಟದ ನೆತ್ತಿಯಿಂದ ಇನ್ನೊಂದು. ಬುಡದಲ್ಲಿ ಒಂದು ಬಿಯರ್ ಬಾರು. ಸಂಜೆಯಾಗುವ ಮೊದಲೇ ಬ್ಯಾಂಡಿನವರು ಶುರುಮಾಡಿದ್ದರು. ಜನ ಬೂಟುಗಾಲಲ್ಲೇ ಕುಣಿಯುತ್ತಿದ್ದರು.

"ಏನ್ರೀ ಹಿಮಾಲಯದ ಹುಲಿ, ಮಂಕಿ ಕ್ಯಾಪಲ್ಲೇ ಸ್ಕೀ ಮಾಡ್ತೀರಾ?" ಅಂದ ಮೈಸೂರಿನ ಶ್ಯಾಮ್.

"ಸುಮ್ನಿರಪಾ. ಮೊದಲ ಹಿಮದ ಮ್ಯಾಲ ನಿಂದ್ರಾಕ ಬರವಲ್ದು."

"ಕಾಲು ಉಳುಕಿದೆ ಅಂದ್ಬಿಟ್ಟು ಮಕ್ಕಳ ಜೊತೆ ಆಡ್ಕೊಳ್ಳಿ."

"ಟೋನಿ ಬಾಜೂಕನ ನಿಂತಾನ."

ಬಾಡಿಗೆ ಕೌಂಟರಿನವನು, ಹೊಸಬರೋ ಪಳಗಿದವರೋ ಎಂದು ಕೇಳಿದ. ಹೊಸಬರಾದರೆ ಬೂಟನ್ನು ಸ್ಕೀ ಹಲಗೆಗೆ ಕಚ್ಚಿ ಹಿಡಿಯುವ ಕ್ಲಿಪ್ಪನ್ನು ಸಡಿಲ ಬಿಡುತ್ತಾರೆ. ಬಿದ್ದಾಗ ತಾನಾಗಿ ಬಿಚ್ಚಿಕೊಂಡು ಕಾಲು ಉಳಿಯುತ್ತದೆ. ಶಿವಶಂಕರಪ್ಪನಿಗೆ ಇದು ಗೊತ್ತಿರಲಿಲ್ಲ. ಅವನಿಗೆ ಅದು ಇನ್ನೊಂದು ಸಂದರ್ಶನದಂತೆ ಕಂಡಿತು.

"ಎಕ್ಸ್‌ಪರ್ಟ್," ಅಂದ.

ಕೌಂಟರಿನವನು ಸ್ಕ್ರೂ ಬಿಗಿಮಾಡಿದ.

ನೆತ್ತಿಯಿಂದ ಅವನು ಬಹಳ ದೂರವೇನೂ ಜಾರಲಿಲ್ಲ. ಬಿದ್ದಾಗ ದೇಹ ಒಂದು ಕಡೆ ತಿರುಗಿತು, ಕಳಚಿಕೊಳ್ಳದ ಸ್ಕೀ ಇನ್ನೊಂದು ಕಡೆ. ಮೊಣಕಾಲು ನಡುವೆ ಸಿಕ್ಕಿತು.

ಪ್ರಥಮ ಚಿಕಿತ್ಸೆಯ ಕೋಣೆಯ ಗೋಡೆಯಾಚೆಗೇ ಬಾರು. ಟೋನಿ ಬಿಯರ್ ಲೋಟ ಹಿಡಿದೇ ಬಂದ, ಹಿಂದೆ ಶ್ಯಾಮ್.

"ಶಿವ, ನೀನು ಯಾವತ್ತೂ ಸ್ಕೀ ಮಾಡಿದವನಲ್ಲ," ಅಂದ ಟೋನಿ.

"ಇಲ್ಲ."

"ರೆಸ್ಯೂಮೆಯಲ್ಲಿ ಇನ್ನೇನು ಸುಳ್ಳು?"

ಟೋನಿಯ ಬೆನ್ನ ಹಿಂದೆ ಶ್ಯಾಮ್ ಬೇಡವೆಂದು ತಲೆಯಾಡಿಸಿದ. ಏನೂ ಇಲ್ಲ ಎಂದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತೇನೋ.

"ಏಳು ವರ್ಷದ ಅನುಭವ ಇಲ್ಲ. ಮೂರು," ಅಂದ ಶಿವಶಂಕರಪ್ಪ.

ಟೋನಿ ಲೋಟ ಕೆಳಗಿಟ್ಟ. ಆಂಬುಲೆನ್ಸ್ ಬರುವ ತನಕ ಪಕ್ಕದಲ್ಲೇ ಕೂತಿದ್ದ.

ಕೆಲಸ ಶ್ಯಾಮನಿಗೆ ಉಳಿಯಿತು. ಅವನ ರೆಸ್ಯೂಮೆ ಬರೆದದ್ದೂ ಅದೇ ಕನ್ಸಲ್ಟೆನ್ಸಿ. ಆಸ್ಪತ್ರೆಗೆ ಅನ್ನ ಸಾರು ತಂದ ದಿನ ಕೇಳಿದ:

"ಒಂದು ಒಪ್ಕೊಂಡ್ರಿ, ಸರಿ. ಎರಡನೇದು ಯಾಕ್ರೀ ಹೇಳೋಕ್ ಹೋದ್ರಿ?"

"ಕಾಲು ಭಾಳ ನೋಯಾಕತ್ತಿತ್ತು. ಮತ್ತೊಂದು ಸುಳ್ಳು ಹುಡುಕಾಕ ಆಗ್ಲಿಲ್ಲ."

ವೀಸಾ ಮುಗಿದು ಶಿವಶಂಕರಪ್ಪ ಊರಿಗೆ ಮರಳಿದ. ಈಗ ಹಾವೇರಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಾನೆ. ಮೊಣಕಾಲು ಮಡಚಲು ಬರುವುದಿಲ್ಲ. ಲಿಂಗಪೂಜೆಗೂ ಕುರ್ಚಿಯಲ್ಲೇ ಕೂರುತ್ತಾನೆ. ಕೇಳಿದವರಿಗೆಲ್ಲ ಹೆಂಡತಿ ಕಾಶಿಬಾಯಿ, ಅಮೆರಿಕದಲ್ಲಿ ಕಾರ್ ಆಕ್ಸಿಡೆಂಟ್ ಆತ್ರಿ, ಎನ್ನುತ್ತಾಳೆ. ಅವನು ತಿದ್ದುವುದಿಲ್ಲ.