ಬೆಂಕಿಪೊಟ್ಟಣದಲ್ಲಿದ್ದ ಕಲ್ಲು

ಅರವತ್ತರ ದಶಕದ ಆರಂಭದ ಮಾತು. ಕಿರವತ್ತಿಯಲ್ಲಿ ಮರದ ನಾಟಾ ಸಾಗಿಸುವ ಲಾರಿ ಓಡಿಸುತ್ತಿದ್ದ ನನ್ನಣ್ಣನಿಗೆ ಮೂತ್ರದ ಕಲ್ಲಾಗಿತ್ತು. ಸೊಂಟ ಹಿಡಿದು ನೆಲದ ಮೇಲೆ ಹೊರಳಾಡುತ್ತಿದ್ದ. ಅವ್ವ ಹುರುಳಿ ಬೇಯಿಸಿದ ನೀರು, ಬಾಳೆದಿಂಡಿನ ರಸ ಕುಡಿಸಿ ಕುಡಿಸಿ, ಉಚ್ಚೆಯನ್ನು ಹಳೇ ಧೋತರದ ತುಂಡಿನಲ್ಲಿ ಸೋಸಿ ನೋಡುತ್ತಿದ್ದಳು. ಕಲ್ಲು ತಾನಾಗಿ ಬಿದ್ದರೆ ಸೋಮವಾರ ಐವರು ಜಂಗಮರಿಗೆ ಹುಗ್ಗಿ ಉಣಿಸುವ ಹರಕೆಯನ್ನೂ ಹೊತ್ತಿದ್ದಳು.

ಬಿತ್ತು. ಜೋಳದ ಕಾಳಿಗಿಂತ ಸಣ್ಣದು, ಕಂದು ಬಣ್ಣದ್ದು, ಮೈಯೆಲ್ಲ ಮುಳ್ಳು. ಅವ್ವ ಅದನ್ನು ಬೆಂಕಿಪೊಟ್ಟಣದಲ್ಲಿಟ್ಟು ಓಣಿಗೆಲ್ಲ ತೋರಿಸಿ ಬಂದಳು. ಹೆತ್ತ ಮಗನನ್ನೂ ಅಷ್ಟು ಮೆರೆಸಿರಲಿಲ್ಲ.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಎಂಬಂತೆ, ನೋವು ಹೋಗಿ ಚಳಿಜ್ವರ ಬಂತು. ನಾನು ಹಟ ಹಿಡಿದು ಅಣ್ಣನನ್ನು ಯಲ್ಲಾಪುರದ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ರಕ್ತ ತೆಗೆದು ಸಣ್ಣ ಗಾಜಿನ ನಳಿಗೆಯಲ್ಲಿ ನಿಲ್ಲಿಸಿದರು. ತಾಸು ಬಿಟ್ಟು ನೋಡಿದರೆ ಕೆಂಪೆಲ್ಲ ತಳದತ್ತ ಇಳಿದು ಮೇಲೆ ಹಳದಿ ನೀರು ನಿಂತಿತ್ತು.

“ರಕ್ತ ಇಷ್ಟು ಬೇಗ ಇಳೀಬಾರದು. ಒಳಗೆ ಉರಿಯೂತ ಜೋರಾಗಿದೆ. ಇನ್ನೊಂದು ಕಲ್ಲು ಸಿಕ್ಕಿಕೊಂಡು ಕೀವಾಗಿರಬಹುದು. ಇವತ್ತೇ ಹುಬ್ಬಳ್ಳಿಗೆ ಕರಕೊಂಡು ಹೋಗಿ,” ಎಂದರು.

ಮನೆಗೆ ಬಂದು ಹೇಳಿದರೆ ಅವ್ವ ಒಪ್ಪಲಿಲ್ಲ. “ಕಲ್ಲು ದೇವರು ಕೆಡವ್ಯಾನ. ಹರಕಿ ತೀರಸದ ದೊಡ್ಡ ದವಾಖಾನಿ ಹತ್ತಿದ್ರ ಅವನ್ನ ನಂಬಲಿಲ್ಲ ಅಂದಂಗ ಆಕ್ಕೈತಿ. ಸೋಮವಾರ ಆಗ್ಲಿ.”

“ರಕ್ತ ಸುಳ್ಳ ಹೇಳೂದಿಲ್ಲ, ಅವ್ವಾ.”

“ಹಂಗಾರ ಈ ಕಲ್ಲು ಸುಳ್ಳೇನು?” ಎಂದು ಪೊಟ್ಟಣ ತೆರೆದು ನನ್ನ ಮೂಗಿನೆದುರು ಹಿಡಿದಳು.

ಅಣ್ಣ ಕಂಬಳಿಯೊಳಗಿಂದಲೇ ನಕ್ಕ. “ಹಡದ ಮ್ಯಾಲ ಬ್ಯಾನಿ ಎಲ್ಲೀದು, ತಂಗಿ? ಹುಗ್ಗಿ ಉಂಡು ಹೋಗೂಣು ಬಿಡು.” ಇಬ್ಬರ ಮೇಲೂ ನನಗೆ ಮೈ ಉರಿದುಹೋಯಿತು. ಆ ಕಲ್ಲನ್ನು ಕಿತ್ತುಕೊಂಡು ಒಲೆಗೆ ಎಸೆಯಬೇಕೆನ್ನಿಸಿತು.

ಸೋಮವಾರ ಜಂಗಮರು ಉಂಡು ಹರಸಿ ಹೋದರು. ಅಣ್ಣನಿಗೆ ಒಂದು ತುತ್ತೂ ಇಳಿಯಲಿಲ್ಲ. ಹಲ್ಲು ಕಟಕಟ ಅನ್ನುತ್ತಿದ್ದವು. ಮಧ್ಯಾಹ್ನ ಅವನದೇ ಲಾರಿಯಲ್ಲಿ, ಬೇರೊಬ್ಬ ಡ್ರೈವರನನ್ನು ಕೂರಿಸಿಕೊಂಡು, ಹುಬ್ಬಳ್ಳಿಗೆ ಹೊರಟೆವು. ಕಲಘಟಗಿ ದಾಟುವಷ್ಟರಲ್ಲಿ ಅವನ ಮಾತು ನಿಂತಿತ್ತು.

ಆಸ್ಪತ್ರೆಯ ಡಾಕ್ಟರು ನಾಡಿ ಹಿಡಿದು ನೋಡಿದರು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ಕೈ ಬಿಟ್ಟರು. ಅವರು ಬಾಯಿ ತೆರೆಯುವ ಮೊದಲೇ ಅವ್ವ ಸೆರಗಿನ ಗಂಟು ಬಿಚ್ಚಿ ಬೆಂಕಿಪೊಟ್ಟಣ ತೆಗೆದು ಅವರ ಮುಂದೆ ಹಿಡಿದಳು.

“ಕಲ್ಲು ಬಿದ್ದೈತ್ರಿ ಸಾಹೇಬ್ರ. ಇಲ್ಲೈತಿ, ನೋಡ್ರಿ.”