ಭರಮಸಾಗರದ ಚೀಟಿ

ಮೊದಲೇ ಹೇಳಿಬಿಡುತ್ತೇನೆ, ಆ ಚೀಟಿ ಬರೆದ ಕತ್ತೆ ನಾನೇ. ನಿನ್ನೆ ಬಟ್ಟೆ ಪೆಟ್ಟಿಗೆಯ ತಳದಲ್ಲಿ ಹಳೆಯ ಚುಟ್ಟಾ ಡಬ್ಬಿಯೊಂದು ಕೈಗೆ ಸಿಕ್ಕಿತು. ಮುಚ್ಚಳ ಎತ್ತಿದರೆ ಕರ್ಪೂರದ ವಾಸನೆ. ಒಳಗೆ ಬೆಂಡಿನ ಹಾಸು, ಅದರ ತುಂಬ ಸೂಜಿ ಚುಚ್ಚಿದ ತೂತುಗಳು… ಹುಳ ಒಂದೂ ಇಲ್ಲ.

ಡಬ್ಬಿ ಹೊಸದುರ್ಗದ ಆಸ್ಪತ್ರೆಯ ಕಾಂಪೌಂಡರದು. ನಾನಾಗ ಅಮಲ್ದಾರರ ಕಚೇರಿಯಲ್ಲಿ ನಕಲು ಗುಮಾಸ್ತ, ಕಾಂಪೌಂಡರ ಪಕ್ಕದ ಮನೆಯಲ್ಲೇ ಬಿಡಾರ. ಯಾರ ಅಕ್ಷರವನ್ನಾದರೂ ಅಚ್ಚೊತ್ತಿದಂತೆ ಇಳಿಸುತ್ತಿದ್ದೆ. ಅಮಲ್ದಾರರ ಕೆಮ್ಮು, ಕಾಂಪೌಂಡರು ಸೀಸೆ ಎತ್ತಿ "ಅಲುಗಾಡ್ಸಿ ಕುಡೀರಿ" ಎನ್ನುವ ರಾಗ, ಎಲ್ಲವೂ ನನ್ನ ಗಂಟಲಲ್ಲಿದ್ದವು. ನನ್ನದೇ ಅನ್ನುವ ಒಂದು ಕೆಮ್ಮು ಮಾತ್ರ ಇರಲಿಲ್ಲ. ಕಾಂಪೌಂಡರದೋ ಒಂದೇ ನೇಮ: ಯಾವ ಸೀಸೆಯ ಚೀಟಿ ಅನುಮಾನವೋ, ಆ ಔಷಧ ಮೋರಿಗೆ.

ಅವರ ಹುಚ್ಚು ಹಸಿರು ಹುಳಗಳದು. ಉಗುರಿನಷ್ಟು ಮೈ, ಜಾಲರಿಯಂಥ ರೆಕ್ಕೆ, ಚಿನ್ನದ ಕಣ್ಣು. ನಮಗೆ ಎಲ್ಲವೂ ಒಂದೇ. ಅವರು ಭೂತಗನ್ನಡಿ ಹಿಡಿದು ರೆಕ್ಕೆಯ ನರ ಎಣಿಸಿ, ಮುಖದ ಚುಕ್ಕೆ ನೋಡಿ ಒಂಬತ್ತು ಜಾತಿಯಾಗಿ ಬೇರ್ಪಡಿಸಿದ್ದರು. ಮರಿಗಳಲ್ಲೂ ಭೇದವಿತ್ತು. ಕೆಲವು ಬರಿಮೈಯವು, ಕೆಲವು ತಾವು ಹೀರಿ ಬಿಟ್ಟ ಗಿಡದ ಹೇನಿನ ಸಿಪ್ಪೆಯನ್ನೇ ಬೆನ್ನಿಗೆ ಹೇರಿಕೊಂಡು ಕಸದಂತೆ ಕೂರುವವು.

"ನೋಡಲೇ, ನಿನ್ನ ಪೈಕಿ," ಎಂದು ತೋರಿಸಿದ್ದರು. "ಕಂಡೋರ ಚರ್ಮ ಹೊದ್ಕಂಡು ಬದುಕ್ತೈತೆ."

"ನನಗಿಂತ ವಾಸಿ ಬಿಡ್ರಿ, ಅದಕ್ಕೆ ಹೊಟ್ಟೆನಾದ್ರೂ ತುಂಬ್ತೈತೆ," ಎಂದಿದ್ದೆ.

ಹುಳಗಳ ಶಾಸ್ತ್ರ ಬಲ್ಲ ಮದರಾಸಿನ ದೊರೆಯೊಬ್ಬರು ಅವರಿಗೆ ಕಾಗದ ಬರೆದಿದ್ದರು. ಪ್ರತಿ ಹುಳ ಸಿಕ್ಕಿದ ಊರು, ಗಿಡ ಸರಿಯಾಗಿ ಬರೆದು ಕಳಿಸಿದರೆ, ಒಂಬತ್ತೂ ಬೇರೆ ಜಾತಿಯೇ ಎಂದು ನೋಡಿ ಹೇಳುವುದಾಗಿ. ಆ ಕಾಗದ ಅವರ ಕೋಟಿನ ಜೇಬಿನಲ್ಲೇ ಮಡಿಕೆ ಹರಿದಿತ್ತು. ಹನ್ನೊಂದು ವರ್ಷದ ಹುಳಗಳು. ಪ್ರತಿಯೊಂದರ ಕೆಳಗೂ ಮುತ್ತಿನಂಥ ಅಕ್ಷರದ ಚೀಟಿ. ಮಾಡದಕೆರೆ, ಹೊಂಗೆ. ಹಾಲುರಾಮೇಶ್ವರ, ನಿಂಬೆ.

ಕಳಿಸುವುದಕ್ಕೆ ಒಂದು ವಾರವಿತ್ತು. ಅವರು ಯಾರಿಗೋ ಔಷಧ ಕೊಡಲು ಎದ್ದುಹೋದಾಗ, ಹಾಲುರಾಮೇಶ್ವರದ ಒಂದು ಚೀಟಿಯನ್ನು ಜೇಬಿಗಿಳಿಸಿ, ಅವರದೇ ಅಕ್ಷರದಲ್ಲಿ "ಭರಮಸಾಗರ, ಬೇವು" ಎಂದು ಬರೆದು ಚುಚ್ಚಿದೆ. ಅಷ್ಟು ದೂರ ಅವರು ಕಾಲಿಟ್ಟವರೇ ಅಲ್ಲ. ಕಂಡ ಕೂಡಲೇ ನನ್ನ ಕಿವಿ ಹಿಂಡುತ್ತಾರೆ, ಇಬ್ಬರೂ ನಗುತ್ತೇವೆ ಎಂದುಕೊಂಡಿದ್ದೆ.

ಹಿಂಡಲಿಲ್ಲ. ರಜ ಹಾಕಿ ಎಲ್ಲಿಗೋ ಹೋದವರು ಆರು ದಿನದ ಮೇಲೆ ಧೂಳು ಮೆತ್ತಿಕೊಂಡು ಬಂದರು.

"ಭರಮಸಾಗರಕ್ಕೆ ಹೋಗಿದ್ದೆ ಕಣಪ್ಪ. ಕೆರೆ ಏರಿ ಮ್ಯಾಲೆ ಎಲ್ಡು ದಿನ ತಿರುಗ್ದೆ. ನಾನು ಯಾವಾಗ್ಲಾದ್ರೂ ಬಂದಿದ್ನೇನ್ರಿ ಅಂತ ಅಂಗಡಿಯೋರ್ನೂ ಕೇಳ್ದೆ. ನಂಗೆ ಗ್ಯಾನನೇ ಇಲ್ಲ…"

ಅವರ ತಂದೆ ಕೊನೆಗಾಲಕ್ಕೆ ಸ್ವಂತ ಮನೆಯ ಬಾಗಿಲನ್ನೇ ಮರೆತಿದ್ದರಂತೆ. ತನಗೂ ಅದು ಶುರುವಾಯಿತೆಂದು ಆ ದಾರಿಯುದ್ದಕ್ಕೂ…

ಅಲ್ಲೇ ಕಾಲು ಹಿಡಿದೆ. "ಬರೆದೋನು ನಾನ್ರೀ, ತಮಾಷೆಗೆ." ನಂಬಲಿಲ್ಲ. ಜೇಬಿಗಿಳಿಸಿದ್ದ ಹಾಲುರಾಮೇಶ್ವರದ ಅಸಲು ಚೀಟಿಯನ್ನು ಮುಂದಿಟ್ಟು, ಅದೇ ಮಾತನ್ನು ಅವರೆದುರೇ ಇನ್ನೊಂದರಲ್ಲಿ ಬರೆದು ತೋರಿಸಿದೆ. ಅವರು ಎರಡನ್ನೂ ಅದಲುಬದಲು ಮಾಡಿ ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ತನ್ನದು ಯಾವುದೆಂದು ಅವರಿಗೇ ತಿಳಿಯಲಿಲ್ಲ. ಆಮೇಲೆ ಡಬ್ಬಿ ಎತ್ತಿಕೊಂಡು ಮೋರಿಯ ಹತ್ತಿರ ಕೂತು, ಹುಳಗಳನ್ನು ಒಂದೊಂದಾಗಿ ಸೂಜಿಯಿಂದ ಬಿಡಿಸಿ ನೀರಿಗೆ ಹಾಕತೊಡಗಿದರು.

ಮರುವರ್ಷ ಪ್ಲೇಗಿನ ಗುಡಿಸಲುಗಳಲ್ಲಿ ಔಷಧ ಕೊಡುತ್ತಾ ಅವರೇ ತೀರಿಹೋದರು. ಅವರ ಹೆಂಡತಿ ಡಬ್ಬಿಯನ್ನು ನನ್ನ ಕೈಗೇ ಇಟ್ಟರು. ಈಗಲೂ ಕರೆದಲ್ಲಿ ಹೋಗಿ ಎಲ್ಲರ ನಕಲು ಮಾಡುತ್ತೇನೆ, ನನ್ನದನ್ನೂ. "ಅಲುಗಾಡ್ಸಿ ಕುಡೀರಿ" ಮಾತ್ರ ಗಂಟಲಲ್ಲೇ ನಿಲ್ಲುತ್ತದೆ.

ಅವತ್ತು ಮೋರಿಯ ಹತ್ತಿರ ಅವರ ಕೈ ಹಿಡಿದು ಬೇಡಿಕೊಂಡಿದ್ದೆ. "ಒಂದೇ ಒಂದು ರೀ! ಉಳಿದವೆಲ್ಲ ನಿಮ್ಮ ಅಕ್ಷರನೇ!"

ಕೈ ಬಿಡಿಸಿಕೊಂಡು, ತಲೆ ಎತ್ತದೆ ಅಂದರು:

"ಹಂಗಂತ ಯಾವ ಚೀಟಿ ಮ್ಯಾಲೆ ಬರ್ದೈತೆ, ಹೇಳು ಲೇ?"